ಮಡಿಲಿಗಿಳಿದ ಬಲಗೈ

ನನ್ನ ರವಿಕೆ ಹೊಲಿಯುವಾಗಲೆಲ್ಲ ನಮ್ಮ ಬೀದಿಯ ದರ್ಜಿಯಕ್ಕ ಬಲತೋಳಿಗೆ ಒಂದು ಇಂಚು ಹೆಚ್ಚು ಬಟ್ಟೆ ಬಿಡುತ್ತಾಳೆ. ಹತ್ತನೇ ವಯಸ್ಸಿನಿಂದ ಮೂರು ಗಾಲಿಯ ಸೈಕಲ್ಲಿನ ಕೈಪೆಡಲು ತಿರುಗಿಸಿ ತಿರುಗಿಸಿ ಆ ತೋಳು ಪೈಲ್ವಾನನದಾಗಿದೆ. ಎಡಗೈ ಹ್ಯಾಂಡಲ್ ಹಿಡಿಯುವುದಷ್ಟೇ, ಸುಕುಮಾರಿ. ಕಾಲುಗಳಂತೂ ನನ್ನ ಜೊತೆ ಸುಮ್ಮನೆ ಬರುತ್ತವೆ. ತಮಿಳು ಸೀಮೆಯ ಬೋಡಿನಾಯಕನೂರಿನಲ್ಲಿ, ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುವ ಅಂಗಡಿಯಲ್ಲಿ ನನ್ನ ಕೆಲಸ. ಕಂಪ್ಯೂಟರು ಸ್ವಲ್ಪ ತಡಮಾಡಿದರೂ ಸಾಕು, ಬಲಗೈ ಮೇಜಿನ ಕೆಳಗೆ ತಾನೇ ಸುತ್ತತೊಡಗುತ್ತದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ, ಜೀವನವೆಲ್ಲ ಕೂತೇ ಇದ್ದರೂ.

ಇಂಥವಳ ಕೈಗೇ ಆ ಅರ್ಜಿ ಬಂತು. ದಿಂಡುಗಲ್ಲಿನ ಮೈದಾನದಲ್ಲಿ ಅಂಗವಿಕಲರ ಟ್ರೈಸೈಕಲ್ ಓಟ, ಹೆಂಗಸರಿಗೆ ಇನ್ನೂರು ಮೀಟರ್, ಮೊದಲ ಇಬ್ಬರು ಚೆನ್ನೈಗೆ. ಬೇರೆಯವರದನ್ನೆಲ್ಲ ಪಕ್ಕಕ್ಕಿಟ್ಟು ನನ್ನ ಅರ್ಜಿಯನ್ನೇ ಮೊದಲು ತುಂಬಿದೆ. ಮದುರೆ, ವೆಲ್ಲೂರು ಅಂತ ನಾನು ದೂರದ ಊರು ಕಂಡದ್ದೆಲ್ಲ ಆಸ್ಪತ್ರೆಯ ಕಿಟಕಿಯಿಂದ. ಒಮ್ಮೆಯಾದರೂ ರೋಗಿಯಾಗಿ ಅಲ್ಲದೆ ಒಂದು ಊರಿಗೆ ಹೋಗಬೇಕಿತ್ತು. ಅದಕ್ಕೆ ಎರಡನೆಯ ಸ್ಥಾನವೇ ಧಾರಾಳ.

ಬೆಳಿಗ್ಗೆ ಐದೂವರೆಗೆ ತೇವಾರಂ ರಸ್ತೆಯಲ್ಲಿ ಅಭ್ಯಾಸ ಶುರುಮಾಡಿದೆ. ಅಲ್ಲೇ ತೊಂದರೆ ಎದುರಾಯಿತು. ನಮ್ಮ ಕಡೆ ಮೂರು ಗಾಲಿಯ ಸೈಕಲ್ ಕಂಡರೆ ಯಾರೂ ಸುಮ್ಮನೆ ಹೋಗುವುದಿಲ್ಲ. ಹಿಂದಿನ ಕಂಬಿಗೆ ಕೈ ಹಚ್ಚಿ ತಳ್ಳಲೇಬೇಕು. ಕೇಳುವುದಿಲ್ಲ, ಹೇಳುವುದಿಲ್ಲ, ಫೋನಿನಲ್ಲಿ ಮಾತಾಡುತ್ತಲೇ ತಳ್ಳುತ್ತಾರೆ. ಹಾಲಿನವನು ಬೈಕಿನ ಮೇಲೆ ಕೂತೇ ಒಂದು ಕಾಲು ಚಾಚಿ ತಳ್ಳುತ್ತಾನೆ. "ತಳ್ಳಾದೀಂಗ!" ಎಂದು ತಮಿಳಿನಲ್ಲಿ ಕಿರುಚಿ ಕಿರುಚಿ ಗಂಟಲು ಕೆಟ್ಟಿತು. ಕೊನೆಗೆ "ದಯವಿಟ್ಟು ತಳ್ಳಬೇಡಿ" ಎಂದು ತಮಿಳಿನಲ್ಲೇ ದಪ್ಪಕ್ಷರದಲ್ಲಿ ಅಚ್ಚು ಮಾಡಿ ಸೀಟಿನ ಹಿಂದೆ ಅಂಟಿಸಿದೆ. ತೋಟಕ್ಕೆ ಹೊರಟಿದ್ದ ಮುದುಕರೊಬ್ಬರು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು, ಯಾಕಮ್ಮ ಹೀಗೆ ಬರೆದಿದ್ದೀಯ ಎಂದು ಕೇಳಿದರು, ಕೇಳುತ್ತಾ ಅರ್ಧ ಮೈಲಿ ತಳ್ಳಿಕೊಂಡು ಬಂದರು.

ತಳ್ಳಿಸಿಕೊಳ್ಳುವವರಿಗೂ ಒಂದು ರಿವಾಜು ಇದೆ. ಹಿಂದೆ ಕೈ ಬಿತ್ತೆಂದರೆ ನಾವು ಪೆಡಲು ಬಿಟ್ಟುಬಿಡಬೇಕು. ಬಲಗೈ ಮಡಿಲಿಗೆ ಬರಬೇಕು. ಮೊದಲ ಸೈಕಲ್ ಬಂದ ದಿನವೇ ಅವ್ವ ಇದನ್ನು ಕಲಿಸಿದ್ದಳು. "ಅವ್ರು ತಳ್ಳುವಾಗ ನೀನೂ ಸುತ್ತಿದ್ರೆ, ನಿಮ್ಮ ಕೈ ಬ್ಯಾಡಾಂತ ಯೋಳ್ದಂಗೆ. ಅವ್ರ ಮನ್ಸು ನೋಯಾಕಿಲ್ವಾ? ಕೈಯ ಮಡಿಲಾಗೆ ಇಕ್ಕೊ ಕಣ್ಣು." ಕಣ್ಣು ಅಂತಲೇ ಅವಳು ನನ್ನನ್ನು ಕರೆಯುವುದು. ಅಂದಿನಿಂದ ಕೈ ಮಡಿಲಲ್ಲಿ ಇಟ್ಟುಕೊಂಡೇ ಬಂದೆ. ಅವ್ವ ಏಲಕ್ಕಿ ಆಯುವ ಕೆಲಸಕ್ಕೆ ಹೋಗುವವಳು. ಬೆರಳ ತುದಿಯಲ್ಲಿ ಏಲಕ್ಕಿಯ ವಾಸನೆ, ಅಂಗೈಯಲ್ಲಿ ನನ್ನ ಸೈಕಲ್ಲಿನ ಕಂಬಿಯ ಗಂಟು. ಶಾಲೆಯಿಂದ ಮನೆಗೆ ಬರುವ ಏರಿನಲ್ಲಿ, ಆಮೇಲೆ ಅಂಗಡಿಯಿಂದ ಬರುವ ಅದೇ ಏರಿನಲ್ಲಿ, ದಿನಾ ಅವಳು ತಳ್ಳುತ್ತಾಳೆ, ನಾನು ಮರ್ಯಾದಸ್ಥಳಾಗಿ ಕೂರುತ್ತೇನೆ.

ಓಟದ ದಿನ ಸೈಕಲ್ಲನ್ನು ಲೋಡ್ ವ್ಯಾನಿಗೆ ಏರಿಸಿ, ತೇನಿ, ವತ್ತಲಗುಂಡು ದಾಟಿ ದಿಂಡುಗಲ್ಲು ಮುಟ್ಟಿದೆವು. ದಾರಿಯುದ್ದಕ್ಕೂ ನಾನೂ ಅವ್ವನೂ ಆಡಿದ್ದನ್ನು ಕೇಳಿಸಿಕೊಂಡ ಡ್ರೈವರ್, ನೀವು ಮಾತಾಡುವುದು ತೆಲುಗಾ ಎಂದು ಕೇಳಿದ. ಬೇರೆ ದಿನವಾಗಿದ್ದರೆ ನಮ್ಮ ಮನೆಮಾತು ಕನ್ನಡ ಎಂದು ಅವನಿಗೆ ಪಾಠ ಮಾಡುತ್ತಿದ್ದೆ. ಅವತ್ತು ಹೌದು ಅಂದುಬಿಟ್ಟೆ, ತಲೆಯ ತುಂಬ ಇನ್ನೂರು ಮೀಟರೇ ಇತ್ತು.

ಒಂಬತ್ತಕ್ಕೆ ಎಂದಿದ್ದ ಓಟ ಹನ್ನೊಂದಾದರೂ ಇಲ್ಲ. ಮುಖ್ಯ ಅತಿಥಿಗಳು ಬಂದಿಲ್ಲವಂತೆ. ಬಿಸಿಲಿಗೆ ಸೈಕಲ್ಲಿನ ಕಬ್ಬಿಣ ಸುಡುತ್ತಿತ್ತು. ನಾನು ಚೈನು ನೋಡಿದೆ, ಗಾಳಿ ಒತ್ತಿ ನೋಡಿದೆ, ಮತ್ತೆ ಚೈನು ನೋಡಿದೆ. "ಸುಮ್ನೆ ಇರೇ, ನೋಡೋರ್ಗೆ ತಲೆ ಸುತ್ತುತ್ತೆ," ಎಂದಳು ಅವ್ವ. ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು: ಮನೆಯವರೆಲ್ಲ ಹಗ್ಗದ ಆಚೆ ನಿಲ್ಲಬೇಕು, ಯಾರಾದರೂ ಗಾಡಿ ಮುಟ್ಟಿದರೆ ಆ ಗಾಡಿ ಓಟದಿಂದ ಔಟು. ಅವ್ವ ಹೆದರಿಬಿಟ್ಟಳು. ತನ್ನ ಕೈಗಳ ಮೇಲೆ ಅವಳಿಗೇ ನಂಬಿಕೆಯಿಲ್ಲ. ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹಗ್ಗದ ಆಚೆ ಹೋಗಿ ನಿಂತಳು.

ಆರು ಜನ ಹೆಂಗಸರು. ಸೀಟಿ ಊದಿದ್ದೇ ತಡ, ನನ್ನ ಬಲಗೈ ಜೀವ ಬಂದ ಹಾಗೆ ಎದ್ದಿತು. ನೂರು ಮೀಟರಿಗೆ ಮೂವರನ್ನು ಹಿಂದೆ ಹಾಕಿದ್ದೆ. ನೂರೈವತ್ತಕ್ಕೆ ನನ್ನ ಮುಂದೆ ಯಾರೂ ಇರಲಿಲ್ಲ. ಯಾರೂ ತಳ್ಳದೆ, ಯಾರೂ ಕರುಣೆಯಿಂದ ನೋಡದೆ, ನನ್ನದೇ ತೋಳಿನಿಂದ ಅಷ್ಟು ಜೋರಾಗಿ ನಾನು ಎಂದೂ ಹೋದವಳಲ್ಲ. ನಗು ಬರುತ್ತಿತ್ತು. ಗುರಿಯ ಸುಣ್ಣದ ಗೆರೆ ಎದುರಿಗೇ ಕಾಣುತ್ತಿತ್ತು.

ಆಗ ಹಿಂದಿನ ಕಂಬಿಗೆ ಏನೋ ತಾಗಿತು. ಹಿಂದೆ ಬರುತ್ತಿದ್ದವಳ ಗಾಡಿಯ ಮುಂದಿನ ಗಾಲಿ, ಅಷ್ಟೇ. ಮೆಲ್ಲಗೆ ತಾಗಿ ಒಂದಿಷ್ಟು ಮುಂದಕ್ಕೆ ನೂಕಿತು. ನನ್ನ ಬಲಗೈ ಪೆಡಲು ಬಿಟ್ಟು, ನೆಟ್ಟಗೆ ಬಂದು, ಮಡಿಲಲ್ಲಿ ಕೂತಿತು.

ಬೇಕೆಂದು ಬಿಟ್ಟದ್ದಲ್ಲ. ಯೋಚಿಸಿ ಬಿಟ್ಟದ್ದೂ ಅಲ್ಲ. ದಿಂಡುಗಲ್ಲಿನ ಆ ಮೈದಾನದ ನಟ್ಟನಡುವೆ ನಾನು ಮಹಾರಾಣಿಯ ಹಾಗೆ ಕೈಕಟ್ಟಿ ಕೂತಿದ್ದೆ. ಎಚ್ಚರವಾಗಿ ಪೆಡಲು ಹುಡುಕುವಷ್ಟರಲ್ಲಿ ಎಡಕ್ಕೊಂದು ಗಾಡಿ ಹೋಯಿತು, ಬಲಕ್ಕೊಂದು ಹೋಯಿತು. ನಾನು ಮೂರನೆಯವಳು.

ಅವ್ವ ಹಗ್ಗ ನುಸುಳಿ ಓಡಿ ಬಂದಳು, ಕೈ ಇನ್ನೂ ಸೆರಗಿನಲ್ಲೇ. "ನಾ ಮುಟ್ಲಿಲ್ಲ ಕಣ್ಣು, ಸತ್ಯವಾಗ್ಲೂ ನಾ ಮುಟ್ಲಿಲ್ಲ."

"ಇವತ್ತು ಮುಟ್ಟಲಿಲ್ಲ," ಎಂದೆ. "ಇಷ್ಟು ವರ್ಷ ಮುಟ್ಟಿದೆಯಲ್ಲ, ಸಾಲದಾ?"

ಅದನ್ನು ಹೇಳಬಾರದಿತ್ತು. ಹೇಳುವಾಗಲೇ ಗೊತ್ತಿತ್ತು, ಆದರೂ ಹೇಳಿದೆ. ಕೋಪ ಬಂದರೆ ನನ್ನ ನಾಲಿಗೆಗೆ ಬ್ರೇಕಿಲ್ಲ. ವ್ಯಾನು ಹತ್ತಿದವಳೇ ಅವ್ವ, ನಾನು ಗೆದ್ದಿದ್ದರೆ ಕೊಡೋಣವೆಂದು ತಂದಿದ್ದ ಕಡಲೆಮಿಠಾಯಿಯ ಪೊಟ್ಟಣವನ್ನು ಡ್ರೈವರನಿಗೆ ಕೊಟ್ಟುಬಿಟ್ಟಳು.

ನಮ್ಮ ಬೀದಿ ಇಕ್ಕಟ್ಟು, ವ್ಯಾನು ಒಳಗೆ ಬರುವುದಿಲ್ಲ. ಸಂಜೆ ಏರಿನ ಬುಡದಲ್ಲೇ ಇಳಿಸಿದ. ನಾನು ಕಾಯದೆ ಹೊರಟೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದಿನ ಕಂಬಿಗೆ ಅವಳ ಕೈ ಬಿತ್ತು. ಅವಳ ಕೈ ನನಗೆ ಗೊತ್ತಾಗುತ್ತದೆ, ಎಡಗಡೆಗೆ ಸ್ವಲ್ಪ ಹೆಚ್ಚು ಭಾರ. ನನ್ನ ಬಲಗೈ ಮಡಿಲಿಗೆ ಹೊರಟಿತು. ಹಲ್ಲು ಕಚ್ಚಿ ಅದನ್ನು ಪೆಡಲಿನ ಮೇಲೇ ಹಿಡಿದೆ, ಸುತ್ತಿದೆ. ಅವಳೂ ತಳ್ಳಿದಳು, ನಾನೂ ಸುತ್ತಿದೆ. ಇಬ್ಬರೂ ಸಿಟ್ಟಿನಲ್ಲೇ ಇದ್ದೆವು. ಸೈಕಲ್ಲು ಆ ಏರನ್ನು ಹತ್ತಿದ ವೇಗಕ್ಕೆ ಕೊಳಾಯಿಯ ಹತ್ತಿರ ಕೊಡ ತುಂಬುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮೇಲೆ ಮನೆಯ ಮುಂದೆ ನಿಂತಾಗ ಅವ್ವನಿಗೆ ಏದುಸಿರೇ ಇರಲಿಲ್ಲ. ದಿನಾ ಇಲ್ಲಿ ಸೊಂಟ ಹಿಡಿದುಕೊಂಡು ಐದು ನಿಮಿಷ ನಿಲ್ಲುವವಳು. ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡಳು, ನನ್ನ ತೋಳನ್ನೊಮ್ಮೆ ನೋಡಿದಳು.

"ಇಷ್ಟು ಸುಳುವಾ ಇದು?" ಎಂದಳು. "ಇಷ್ಟು ದಿನ ನೀ ಸುಮ್ನೆ ಕೂತಿದ್ದೆಯಾ?"

ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ಸೋಲಲಿಲ್ಲ. "ಕೈಯ ಮಡಿಲಲ್ಲಿ ಇಟ್ಟುಕೋ ಅಂದವಳು ನೀನೇ."

"ಅಂದೆ," ಎಂದಳು ಅವ್ವ. "ನಾ ಯೋಳಿದ್ದು ಬೇರೆ ಯಾವ್ದನ್ನಾದ್ರೂ ಕೇಳಿದ್ದೀಯಾ ನೀನು, ಇದೊಂದನ್ನ ಕೇಳಾಕೆ?"