ಇಳಕಲ್ಲಿನಿಂದ ತಂದ ಎಂಜಿನ್

ನಾನು ಪಶುವೈದ್ಯೆ. ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಕೆಲಸ ಹೆಚ್ಚಾಗಿ ಬಾದಾಮಿ, ಗುಳೇದಗುಡ್ಡದ ಕಲ್ಲುಗುಡ್ಡಗಳ ಮೇಲಿನ ಕುರಿಹಟ್ಟಿಗಳಲ್ಲಿ. ಅಲ್ಲಿಗೆ ಕಾರು ಏರುವುದಿಲ್ಲ. ಅದಕ್ಕೆಂದೇ ಹಳೆಯದೊಂದು ಜೀಪು ಇಟ್ಟುಕೊಂಡಿದ್ದೇನೆ. ಕಳೆದ ಬೇಸಿಗೆಯಲ್ಲಿ ಅದು ನೀಲಿ ಹೊಗೆ ಉಗುಳುತ್ತ ಅರ್ಧ ಏರಿನಲ್ಲೇ ನಿಲ್ಲತೊಡಗಿತು.

ನಮ್ಮ ಬಡಾವಣೆಯ ಗ್ಯಾರೇಜಿನ ಮಿಸ್ತ್ರಿ ಬಿಚ್ಚಿ ನೋಡಿದ. "ಎಂಜಿನ್‌ದಾಗ ಪಿಸ್ಟನ್ ಆಡೋ ಬೋರ್ ಪೂರಾ ಸವದೈತ್ರಿ ಡಾಕ್ಟ್ರೇ. ಹಿಂದಿನವ್ರ ಭಾಳ ಸಲ ಕೊರಿಸ್ಯಾರ. ಇನ್ನ ಕೊರಿಯಾಕ ಕಬ್ಬಿಣನ ಉಳದಿಲ್ಲ."

ಹೊಸ ಎಂಜಿನ್ನಿನ ಬೆಲೆಗೆ ಇನ್ನೊಂದು ಹಳೆಯ ಜೀಪೇ ಬರುತ್ತದೆ, ಅದು ನನ್ನಿಂದಾಗದು ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅವನ ಉತ್ತರ ಬಂತು.

"ಇಳಕಲ್‌ದಾಗ ಒಂದು ಐತ್ರಿ. ಗ್ರಾನೈಟ್ ಕ್ವಾರಿ ಜೀಪಿಂದು. ಬಾಡಿ ಗುಜರಿಗೆ ಹೋಗೈತಿ, ಎಂಜಿನ್ ಅಷ್ಟ ಇಟ್ಟಾರ."

ಉತ್ತರ ಅಷ್ಟು ಬೇಗ ಬಂದದ್ದೇ ನನಗೆ ಹಿಡಿಸಲಿಲ್ಲ. ದನದ ಸಂತೆಗಳಲ್ಲಿ ವರ್ಷಗಟ್ಟಲೆ ನಿಂತವಳು ನಾನು. ಹಾಲು ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿ ತರುವವರನ್ನು, ಕುಂಟುವ ಎತ್ತಿಗೆ ಸೂಜಿ ಚುಚ್ಚಿಸಿ ನೆಟ್ಟಗೆ ನಡೆಸುವವರನ್ನು ಕಂಡಿದ್ದೇನೆ. ನಡುವೆ ನಿಂತು ವ್ಯಾಪಾರ ಕುದುರಿಸುವವನಿಗೆ ಎರಡೂ ಕಡೆಯಿಂದ ದಲಾಲಿ ಸಿಗುತ್ತದೆ ಎಂಬುದೂ ಗೊತ್ತು. ನಾನೂ ಜೊತೆಗೆ ಬರುತ್ತೇನೆ ಎಂದೆ. "ಬರ್ರಿ, ಛಲೋನ ಆತು" ಎಂದ. ಅದೂ ಅನುಮಾನಕ್ಕೆಡೆಯಾಯಿತು.

ಅವನ ಪಿಕಪ್ಪಿನಲ್ಲಿ ಹೊರಟೆವು. ಹುನಗುಂದದಲ್ಲಿ ಚಹಾಕ್ಕೆ ನಿಂತಾಗ ಅವನು ಫೋನು ಹಿಡಿದು ಗಾಡಿಯ ಹಿಂದೆ ಹೋದ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. "ಹೂಂ, ಬಂದ್ವಿ ಇನ್ನ. ಬಿಸಿ ಮಾಡಿ ಇಡು" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಬಿಸಿ ಎಂಜಿನ್ ಒಂದೇ ಸಲಕ್ಕೆ ಶುರುವಾಗುತ್ತದೆ. ಅದರ ರೋಗ ಗೊತ್ತಾಗುವುದು ತಣ್ಣಗಿದ್ದಾಗ. ಇಷ್ಟು ನನಗೆ ತಿಳಿದಿತ್ತು. ಏನೂ ಕೇಳದೆ ಚಹಾ ಕುಡಿದು ಮುಗಿಸಿದೆ.

ಇಳಕಲ್ಲಿನ ಆ ಅಂಗಳದ ತುಂಬ ಕೆಂಪು ಕಲ್ಲಿನ ಚೂರುಗಳು. ಎಂಜಿನ್ ಕಬ್ಬಿಣದ ಚೌಕಟ್ಟಿನ ಮೇಲೆ ಕೂತಿತ್ತು, ಹೊಸ ಬಣ್ಣ ಬಳಿಸಿಕೊಂಡು. ಮುಟ್ಟಿದೆ. ಬೆಚ್ಚಗಿತ್ತು. ಮಾರುವವನು, ಹೊಟ್ಟೆಯ ಮೇಲೆ ಪಟ್ಟಿ ಬಿಗಿದ ನಡುವಯಸ್ಸಿನವನು, "ಬ್ಯಾಟರಿ ನೋಡಾಕ ಚಾಲೂ ಮಾಡಿದ್ದೆರಿ" ಎಂದ. ಮಿಸ್ತ್ರಿಯ ಮುಖ ನೋಡಿದೆ. ಅವನು ಬೇರೆಲ್ಲೋ ನೋಡುತ್ತಿದ್ದ.

"ಪೂರಾ ತಣ್ಣಗಾಗ್ಲಿ. ಆಮ್ಯಾಲ ನೋಡೋಣು" ಎಂದು ಕಲ್ಲಿನ ಮೇಲೆ ಕೂತೆ. ಬಿಸಿಲು ಇಳಿಯುವವರೆಗೂ ಏಳಲಿಲ್ಲ. ಮಾರುವವನು ತಂಪು ಪಾನೀಯ ತರಿಸಿದ, ಮುಟ್ಟಲಿಲ್ಲ.

ಸಂಜೆ ಶುರು ಮಾಡಿದಾಗ ಅದು ಬಹಳ ಹೊತ್ತು ಕೆಮ್ಮಿ ಕೊನೆಗೆ ಎದ್ದಿತು. ಆದರೂ ಸದ್ದು ಮಾತ್ರ ಮೆತ್ತಗೆ. ಚೀಲದಲ್ಲಿದ್ದ ಸ್ಟೆತಸ್ಕೋಪ್ ತೆಗೆದು ಕಬ್ಬಿಣಕ್ಕೆ ಹಚ್ಚಿದೆ. ಒಳಗೆ ಎಲ್ಲೋ ಆಳದಲ್ಲಿ ಯಾರೋ ಸುತ್ತಿಗೆಗೆ ಬಟ್ಟೆ ಸುತ್ತಿ ಬಡಿದಂಥ ಶಬ್ದ.

"ಎಣ್ಣಿ ಇಳಸ್ರಿ" ಎಂದೆ.

ಮಾರುವವನು ಬೇಡವೆಂದ. ಮಿಸ್ತ್ರಿ ಪಾನಾ ತೆಗೆದುಕೊಂಡು ತಾನೇ ಬೋಲ್ಟು ಬಿಚ್ಚಿದ. ಎಣ್ಣೆ ಜೋನಿಬೆಲ್ಲದಂತೆ ನಿಧಾನಕ್ಕೆ ಜಾರಿತು. ಬೆರಳಿಗೆ ಹಚ್ಚಿಕೊಂಡು ನೋಡಿ ಅವನೆಂದ: "ಇದು ಗೇರ್ ಎಣ್ಣಿ. ಸಪ್ಪಳ ಮುಚ್ಚಾಕ ಹಾಕೀಯಲ್ಲ. ನನಗ ಹೇಳಬೇಕಿಲ್ಲೇನು?"

"ನೀ ಒಬ್ಬನ ಬಂದಿದ್ರ ಹೇಳ್ತಿದ್ದೆ" ಎಂದ ಮಾರುವವನು.

ನಾವು ಗಾಡಿ ಹತ್ತುವಾಗ ಮಾರುವವನು ಹಿಂದಕ್ಕೆ ಕರೆದ. ಶೆಡ್ಡಿನೊಳಗೆ ಗೋಣಿತಾಟಿನ ಕೆಳಗೆ ಇನ್ನೊಂದು ಎಂಜಿನ್ ಇತ್ತು. ಬಣ್ಣವಿಲ್ಲ, ಮೈತುಂಬ ಧೂಳು. ಮಿಸ್ತ್ರಿ ಹಳೆಯ ಎಣ್ಣೆ ಇಳಿಸಿ ಸರಿಯಾದದ್ದನ್ನು ಹಾಕಿ ಚಾಲೂ ಮಾಡಿದ. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅಂಗೈ ಹಿಡಿದ, ಹೊಗೆ ಬರಲಿಲ್ಲ.

"ಇದನ್ನ ಮೊದ್ಲ ಯಾಕ ತೋರಿಸ್ಲಿಲ್ಲ?" ಎಂದೆ.

"ನನ್ನ ಸ್ವಂತ ಗಾಡಿಗೆ ಇಟ್ಟಿದ್ದೆರಿ."

ನಂಬಲಿಲ್ಲ. ಆದರೆ ಎಂಜಿನ್ ಚೆನ್ನಾಗಿತ್ತು, ಬೆಲೆ ನನ್ನ ಕೈಗೆಟುಕುವಂತಿತ್ತು. ಕಾಗದಪತ್ರ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು ಪಿಕಪ್ಪಿಗೆ ಏರಿಸಿದೆವು.

ಮಿಸ್ತ್ರಿ ಗಾಡಿಯನ್ನು ಊರೊಳಗೆ ತಿರುಗಿಸಿದ. "ನಮ್ಮ ಅಕ್ಕನ ಮನಿರಿ. ಉಂಡ ಹೋಗೋಣು."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ರೊಟ್ಟಿ ಬಡಿಸುತ್ತ ತಮ್ಮನನ್ನು ಗದರಿದಳು: "ಮಧ್ಯಾಹ್ನ ಫೋನ್ ಮಾಡಿ ಬಿಸಿ ಮಾಡಿ ಇಡು ಅಂದಿ. ಎಷ್ಟ ಸಲ ಬಿಸಿ ಮಾಡ್ಲಿ ಪಲ್ಯಾ?"

"ಹುನಗುಂದದಿಂದ ಮಾಡಿದ್ದಾ ಫೋನು?" ಎಂದು ಕೇಳಿಬಿಟ್ಟೆ.

ಅಕ್ಕ ಹೌದೆಂದಳು. ಮಿಸ್ತ್ರಿ ತಲೆಯೆತ್ತಿ ನನ್ನನ್ನು ನೋಡಿದ. ಬಿಸಿಲಲ್ಲಿ ನಾನು ಕಲ್ಲಿನ ಮೇಲೆ ಯಾಕೆ ಕೂತಿದ್ದೆ ಎಂಬುದು ಅವನಿಗೆ ಆಗ ಹೊಳೆದಿರಬೇಕು.

"ಅಲ್ಲೇ ಕೇಳಬೇಕಿತ್ತರಿ" ಎಂದಷ್ಟೇ ಹೇಳಿ ರೊಟ್ಟಿ ಮುರಿದ.

"ಕೇಳಬೇಕಿತ್ತು" ಎಂದೆ.

ರಾತ್ರಿಯೇ ಬಾಗಲಕೋಟೆಗೆ ಮರಳಿದೆವು. ಎಂಜಿನ್ ಕೂರಿಸುವಾಗ ಅವನು ಪ್ರತಿಯೊಂದಕ್ಕೂ ನನಗೆ ಫೋನು ಮಾಡಿ ಕರೆಸಿದ. ಹಾಕುವ ಪ್ರತಿ ಬಿಡಿಭಾಗವನ್ನೂ ಕೈಗೆ ಕೊಟ್ಟು, ನೋಡ್ರಿ ಎಂದ. ನನಗೆ ತಿಳಿಯಲೆಂದೋ, ಚುಚ್ಚಲೆಂದೋ ಗೊತ್ತಾಗಲಿಲ್ಲ. ಒಂದನ್ನೂ ಬಿಡದೆ ನೋಡಿದೆ.

ಜೀಪು ಈಗ ಗುಡ್ಡ ಏರುತ್ತದೆ, ತುಸು ಎಣ್ಣೆ ಕುಡಿಯುತ್ತದೆ. ಮಾರುವವನು ಒಳ್ಳೆಯದನ್ನು ಗೋಣಿತಾಟಿನ ಕೆಳಗೆ ಯಾಕೆ ಇಟ್ಟಿದ್ದ ಎಂದು ಮಿಸ್ತ್ರಿಯನ್ನು ಒಮ್ಮೆ ಕೇಳಿದೆ. "ನನಗೂ ಅದ ಸಂಶಯ ಐತ್ರಿ" ಎಂದ.