ಮೂರು ಸೀನಿನ ಹಾಜರಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಅಂದವಳು ನಮ್ಮ ದೊಡ್ಡವ್ವ. ಬ್ಯಾಡಗಿಯ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಅಂದಿದ್ದಳು: "ನಮ್ಮ ಮನ್ಯಾಗ ಏಳನೇ ಇಯತ್ತೆ ದಾಟಿದವರು ಯಾರದಾರ? ಸುಮ್ಮ ಕುಂತು ಕೈ ಆಡಸು." ಆಗುತ್ತದೆ ಅಂದವರು ರಾಣೆಬೆನ್ನೂರು ಕಾಲೇಜಿನ ಮನಃಶಾಸ್ತ್ರದ ಸರ್ ಒಬ್ಬರೇ.

ಸರ್ ಮೂಗಿನ ತುದಿ ಯಾವಾಗಲೂ ಕೆಂಪು. ಅದಕ್ಕೆ ನಾನೇ ಕಾರಣ. ಬೆಳಗ್ಗೆ ಎರಡು ತಾಸು ತೊಟ್ಟು ಬಿಡಿಸಿ ಅದೇ ಬಟ್ಟೆಯಲ್ಲಿ ಬಸ್ಸು ಹತ್ತುತ್ತಿದ್ದೆ. ಕ್ಲಾಸಿನ ಬಾಗಿಲಲ್ಲಿ ನಿಂತರೆ ಸಾಕು, ಅವರಿಗೆ ಸಾಲಾಗಿ ಮೂರು ಸೀನು. ಆಮೇಲೆ ಕರವಸ್ತ್ರ ಮಡಚುತ್ತ, "ಬ್ಯಾಡಗಿ ಹಾಜರ್. ಒಳಗ ಬಾರವಾ" ಅನ್ನುತ್ತಿದ್ದರು.

ಮೆದುಳಿನ ಪಾಠ ಮಾಡಿದ ದಿನ ಹೇಳಿದರು: "ಒಂದು ನರಕೋಶಕ್ಕ ಏನೂ ತಿಳಿಯೂದಿಲ್ಲ. ಕೋಟಿಗಟ್ಟಲೆ ಕೋಶ ಒಂದಕ್ಕೊಂದು ಹೆಣಕೊಂಡಾಗ 'ನಾನು' ಅನ್ನೂ ಅರಿವು ಹುಟ್ಟತೈತಿ ಅಂತಾರ. ಒಂದು ಮೆಣಸಿನಕಾಯಿಗೆ ಯಾರೂ ಸೀನೂದಿಲ್ಲ. ರಾಶಿ ಬಿದ್ರ ಊರೇ ಸೀನತೈತಿ. ಹಂಗ."

ನಾನು ಎದ್ದು ನಿಂತೆ. "ಸರ್, ಒಂದು ಕಾಯೊಳಗೂ ಚೂರು ಘಾಟು ಇರ್ತೈತ್ರಿ. ರಾಶಿಯೊಳಗ ಅದ ಕೂಡತೈತಿ. ಕೋಶದೊಳಗ ಅರಿವು ಚೂರೂ ಇಲ್ಲಂದ್ರ, ಎಷ್ಟು ಕೂಡಿಸಿದ್ರೂ ಎಲ್ಲಿಂದ ಬರ್ತೈತ್ರಿ?"

ಸರ್ ಸೀಮೆಸುಣ್ಣ ಕೆಳಗಿಟ್ಟರು. "ನನಗೂ ಗೊತ್ತಿಲ್ಲ ನೋಡವಾ."

ಅವತ್ತಿನಿಂದ ತಲೆ ಕೆಟ್ಟಿತು. ಬೆರಳು ತಾವೇ ತೊಟ್ಟು ಬಿಡಿಸುತ್ತಿದ್ದವು, ನಾನು ಇನ್ನೆಲ್ಲೋ ಇರುತ್ತಿದ್ದೆ. ಎಲ್ಲಿ? ಹುಡುಕಿದರೆ ಸಿಗುತ್ತಿರಲಿಲ್ಲ. ಎರಡನೇ ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನನ್ನ ಅನುಮಾನವನ್ನೆಲ್ಲ ಬರೆದು, ಕೊನೆಗೆ "ಇದು ನಮ್ಮ ಸರ್‌ಗೂ ಗೊತ್ತಿಲ್ಲ" ಅಂತ ಸೇರಿಸಿ ಬಂದೆ. ಆ ಪೇಪರು ಫೇಲು.

"ನಾ ಹೇಳಿದ್ನಿಲ್ಲ?" ಅಂದಳು ದೊಡ್ಡವ್ವ. ಕಾಲೇಜು ಬಿಟ್ಟೆ.

ಎಂಟನೇ ದಿನ ಸರ್ ಶೆಡ್ಡಿಗೇ ಬಂದರು. ಕಣ್ಣು ಮೂಗು ಸುರಿಯುತ್ತಿತ್ತು.

"ಯಾರ್ರಿ ನೀವು? ಯಾಕ ಅಳಾಕತ್ತೀರಿ?" ದೊಡ್ಡವ್ವ ಗಾಬರಿಯಾದಳು.

"ಅಳಾಕತ್ತಿಲ್ರಿ ಯವ್ವಾ, ಎಲ್ಲಾ ನಿಮ್ಮ ಕಾಯಿ ಮಹಿಮಾ. ಈಕಿ ಸರ್ ನಾನು. ಈಕಿ ಬಂದ್ರ ನಾ ಮೂರು ಸಲ ಸೀನತೀನಿ, ಅದ ಹಾಜರಿ. ಎಂಟು ದಿನಾತು, ಸೀನೇ ಬಂದಿಲ್ಲ."

ಚೀಲದ ಮೇಲೆ ಕುಂತು ತಾವೂ ತೊಟ್ಟು ಬಿಡಿಸತೊಡಗಿದರು. ಅರ್ಧಕ್ಕರ್ಧ ಕಾಯಿ ಮುರಿದವು. ದೊಡ್ಡವ್ವ ಸಿಟ್ಟಿನಿಂದ ನೋಡಿದಳು. ಸರ್ ನನಗೆ ಹೇಳಿದರು: "ಪರೀಕ್ಷಾದಾಗ ಗೊತ್ತಿದ್ದಷ್ಟು ಬರಿ. ಗೊತ್ತಿಲ್ಲದ್ದು ನಿಂದು. ಅದನ್ನ ಪೇಪರ್ ತಿದ್ದಾವರಿಗೆ ಯಾಕ ಕೊಡ್ತಿ?"

ಮರುದಿನ ಬಸ್ಸು ಹತ್ತಿದೆ. ಪುಸ್ತಕದಲ್ಲಿದ್ದಷ್ಟೇ ಬರೆದು ಆ ಪೇಪರು ಪಾಸಾದೆ, ಮುಂದಿನ ವರ್ಷ ಡಿಗ್ರಿಯೂ ಆಯಿತು. ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ ಸರ್‌ಗೆ ಲಕ್ವ ಹೊಡೆದಿತ್ತು. ಮೆದುಳಿಗೆ ಪೆಟ್ಟು, ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲ.

ದೊಡ್ಡವ್ವನೂ ನಾನೂ ಶೆಡ್ಡಿನಿಂದ ನೆಟ್ಟಗೆ ಅವರ ಮನೆಗೆ ಹೋದೆವು. ಅದೇ ಕೊನೆಯ ಭೇಟಿ. ಸರ್ಟಿಫಿಕೇಟನ್ನು ಅವರ ಬಲಗೈಯಲ್ಲಿಟ್ಟೆ. ಕಣ್ಣು ನನ್ನ ಮೇಲೆಯೇ ಇತ್ತು, ಆದರೆ ಅದರಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ಸೀನಿದರು. ಒಂದು. ಎರಡು. ಮೂರು.

ಸೀನಿದ್ದು ಸರ್ರೋ, ಬರೀ ಅವರ ಮೂಗೋ? ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತು ಹಿಂದೆ ಸರಿದು ಹೊಸ್ತಿಲಾಚೆ ಹೋಗಿ ನಿಂತೆ.

ದೊಡ್ಡವ್ವ ಸೆರಗಿನಿಂದ ಅವರ ಮೂಗು ಒರೆಸಿ, ನನ್ನ ಕಡೆ ತಿರುಗಿ ಅಂದಳು: "ಹಾಜರಿ ಹಾಕ್ಯಾರ. ಒಳಗ ಬಾರವಾ."