ಸರಕಾರದ ಮಾತಿಗೆ ಹೊಣೆ ನಿಂತವರು

ಶೆಮ್ದೀನ್ ಮಾಮೊ, ಅಂದರೆ ಊರಿಗೆಲ್ಲ ಚಿಕ್ಕಪ್ಪ, ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ತಗಡಿನ ಕೆಲಸ. ಚಳಿಗಾಲದ ಒಲೆ, ಅದರ ಹೊಗೆ ಕೊಳವೆ, ನೀರು ಕಾಯಿಸುವ ಡಬ್ಬ, ಇಂಥವು. ಕೆಲಸದಲ್ಲಿ ಅಂಥ ಗಟ್ಟಿಗರೇನಲ್ಲ. ನಮ್ಮ ಮನೆಗೆ ಅವರು ಕೂರಿಸಿಕೊಟ್ಟ ಕೊಳವೆ ಪ್ರತಿ ಚಳಿಗಾಲವೂ ಒಳಗೇ ಹೊಗೆ ಬಿಡುತ್ತಿತ್ತು. ನನ್ನ ಹೆಂಡತಿ ಅವರ ಹೆಸರು ಹಿಡಿದೇ ಕೆಮ್ಮುತ್ತಿದ್ದಳು. ಆದರೂ ತುರ್ಕಿಯ ಮೂಡಣ ತುದಿಯ ಈ ಹಕ್ಕಾರಿ ಸೀಮೆಯ ಕುರ್ದರಲ್ಲಿ ಅವರನ್ನು ಅರಿಯದ ಮನೆ ಇರಲಿಲ್ಲ. ಅದಕ್ಕೆ ಕಾರಣ ತಗಡಲ್ಲ, ಅವರ ಕುತ್ತಿಗೆ.

ಎರಡು ಮನೆತನಗಳ ನಡುವೆ ಕೊಲೆ ನಡೆದಿದೆ ಎನ್ನಿ. ಊರಿನ ಹಿರಿಯರು ಸೇರಿ ಸತ್ತವನ ಮನೆಗೆ ಹೋಗಿ ಕೂರುತ್ತಾರೆ. ಚಹಾ ಬರುತ್ತದೆ. ಒಬ್ಬರೂ ಲೋಟ ಮುಟ್ಟುವುದಿಲ್ಲ. ಮನೆಯ ಯಜಮಾನ ‘ಕುಡೀರಿ, ನೀವು ಕೇಳಿದ್ದು ಕೊಟ್ಟೆ’ ಎನ್ನುವವರೆಗೂ ಚಹಾ ಆರುತ್ತಲೇ ಇರುತ್ತದೆ. ಹಾಗೆಂದು ಅವನು ಕುಡಿಸಿದ ಮೇಲೆ ಮುಗಿಯಿತು; ಅವನ ಅಪ್ಪ ಗೋರಿಯಿಂದ ಎದ್ದು ಬಂದರೂ ಮಾತು ಬದಲಾಯಿಸುವಂತಿಲ್ಲ. ಆಗ ಒಬ್ಬರು ಎದ್ದು ಎರಡೂ ಕಡೆಯವರ ಕೈ ಹಿಡಿದು ‘ಈ ರಾಜಿ ನನ್ನ ಕುತ್ತಿಗೆಯ ಮೇಲೆ’ ಎನ್ನಬೇಕು. ಮುಂದೆ ಯಾರು ಮುರಿದರೂ ಅವರು ಆ ಮನುಷ್ಯನ ಶತ್ರು. ಇಡೀ ಊರು ಹೊಣೆ ನಿಂತವರ ಬೆನ್ನಿಗೆ ನಿಂತು ಮುರಿದವನನ್ನು ಓಡಿಸುತ್ತದೆ. ಹೊಣೆ ನಿಲ್ಲುವುದೆಂದರೆ ಇದು. ಶೆಮ್ದೀನ್ ಮಾಮೊ ಹೊಣೆ ನಿಂತ ರಾಜಿ ಒಂದೂ ಮುರಿದಿರಲಿಲ್ಲ. ನಾನು ಮಿನಿಬಸ್ಸು ಓಡಿಸುವ ಹಮ್ಜೊ. ಆ ಮನೆಗಳಿಗೆಲ್ಲ ಅವರನ್ನು ಕರೆದೊಯ್ದವನು ನಾನೇ, ಹಾಗಾಗಿ ಕೇಳಿದ ಕಥೆ ಹೇಳುತ್ತಿಲ್ಲ.

ಅಂಕಾರಾದ ಸರಕಾರಕ್ಕೂ ಬೆಟ್ಟದ ಮೇಲಿನ ನಮ್ಮ ಹುಡುಗರಿಗೂ ಮಾತುಕತೆ ಶುರುವಾದ ವಸಂತದಲ್ಲಿ ಊರಿಗೆ ಊರೇ ಮರುಳಾಗಿತ್ತು. ಬೇರೆ ನಾಡು ಬೇಕೆಂದು ಅವರು ಬಂದೂಕು ಹಿಡಿದು ಒಂದು ತಲೆಮಾರೇ ಕಳೆದಿತ್ತು. ಸುಟ್ಟ ಹಳ್ಳಿಗಳಿಗೆ, ಸತ್ತವರಿಗೆ ಲೆಕ್ಕವಿರಲಿಲ್ಲ. ಈಗ ಬಂದೂಕು ಸುಮ್ಮನಾಗಿತ್ತು. ಚೆಕ್‌ಪೋಸ್ಟಿನ ಸಿಪಾಯಿ ನನ್ನ ಗಾಡಿ ನಿಲ್ಲಿಸದೆ ಕೈ ಬೀಸಿದ ದಿನ ನಾನು ಮುಂದೆ ಹೋಗಿ ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. ಮಾಮೊ ಮಾತ್ರ ಅಂಗಡಿಯಲ್ಲಿ ಟೀವಿ ನೋಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಇಬ್ರೂ ಕೂತಿದಾರೆ, ಸರಿ. ನಡುವೆ ಹೊಣೆ ನಿಂತಿರೋನು ಯಾರೋ?”

“ಯಾರೂ ಇಲ್ಲ ಮಾಮೊ. ಅವರವರೇ ಮಾತಾಡ್ಕೋತಿದಾರೆ.”

“ಹಂಗಾದ್ರೆ ಅದು ರಾಜಿಯಲ್ಲ, ಹರಟೆ,” ಎಂದು ಅವರು ತಗಡು ಬಡಿಯತೊಡಗುತ್ತಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಅವರು ನೆಮ್ಮದಿಯಿಂದ ಸಾಯಬಹುದಿತ್ತು.

ಆ ಬೇಸಿಗೆಯಲ್ಲಿ ಬೆಸ್ನಾ ಅಂಗಡಿಗೆ ಬಂದಳು. ಗಂಡ ಸತ್ತವಳು, ಕೇರಿಯವರಿಗೆ ರೊಟ್ಟಿ ಸುಟ್ಟುಕೊಟ್ಟು ಬದುಕುವವಳು. ಒಬ್ಬನೇ ಮಗ ದಿಲೊವಾನ್ ಓದು ಬಿಟ್ಟು ಬೆಟ್ಟ ಹತ್ತಿದ್ದ.

“ಮಾಮೊ, ಬರ್ತೀನಿ ಅಂತ ಕುರಿ ಕಾಯೋವ್ರ ಹತ್ರ ಹೇಳಿ ಕಳ್ಸಿದಾನೆ. ಹಿಮಕ್ಕೆ ಕಾಲ್ಬೆರಳು ಕೊಳೆತು ಹೋಗಿದ್ಯಂತೆ. ಬಂದ್ರೆ ಹಿಡೀತಾರಾ?”

“ವಕೀಲನ್ನ ಕೇಳ್ದೆಯಾ?”

“ಕೇಳ್ದೆ. ಕಾನೂನು ಅಂತ ಇನ್ನೂ ಏನೂ ಆಗಿಲ್ಲ, ಬರೀ ಮಾತು ನಡೀತಿದೆ, ಕರೆಸ್ಬೇಡ ಅಂದ್ರು.”

“ಬರೀ ಮಾತಂತೆ. ಮಾತಿಗಿಂತ ಗಟ್ಟಿಯಾದ್ದು ಏನಿಟ್ಕೊಂಡಿದಾನೆ ಅವನು?”

ವಕೀಲ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಬೆಸ್ನಾ ಕೇಳಬಂದದ್ದು ಸರಿಯಾದ ಉತ್ತರವನ್ನಲ್ಲ, ಮಗನನ್ನು. ಮಾಮೊಗೂ ಅಷ್ಟೇ, ಇಷ್ಟು ದೊಡ್ಡ ರಾಜಿ ಹೊಣೆಗಾರನಿಲ್ಲದೆ ನಿಂತಿರುವುದು ಅವರ ಕಣ್ಣಿಗೆ ಸೂರಿಲ್ಲದ ಮನೆಯ ಹಾಗೆ ಕಾಣುತ್ತಿತ್ತು. ಪೂರ್ತಿ ಹೊದಿಸಲಾಗದಿದ್ದರೂ ಒಂದು ಮೂಲೆಯನ್ನಾದರೂ ತಾನು ಹೊದಿಸುತ್ತೇನೆ ಎಂದುಕೊಂಡರು.

ತಾಲೂಕಿನ ಅಧಿಕಾರಿಯ ಕಚೇರಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅವರಿಗೆ ತುರ್ಕಿ ಭಾಷೆ ಅಷ್ಟಕ್ಕಷ್ಟೆ. ಅಧಿಕಾರಿ ಪಡುವಣ ಕಡಲ ಕಡೆಯವನು, ಇನ್ನೂ ಮೀಸೆ ಬಲಿಯದ ವಯಸ್ಸು. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಎದ್ದು ನಿಂತು ಮಾಮೊ ಅವರನ್ನು ಕೂರಿಸಿದ, ಚಹಾ ತರಿಸಿದ. ಮಾಮೊ ಲೋಟದ ಕಡೆ ನೋಡಲೂ ಇಲ್ಲ.

“ಕುಡೀರಿ ತಾತ, ಆರ್ಹೋಗ್ತಿದೆ.”

“ಹೇಳೋ ಅವರಿಗೆ,” ಎಂದರು ಮಾಮೊ ನನ್ನ ಕಡೆ ತಿರುಗಿ. “ಬೆಸ್ನಾ ಮಗ ಬಂದು ಮನೇಲಿ ಕೂರ್ತಾನೆ. ಅವನ್ನ ಯಾರೂ ಮುಟ್ಬಾರ್ದು. ಅದನ್ನ ಕೊಟ್ರೆ ಕುಡೀತೀನಿ.”

ಒಂದಕ್ಷರ ಬಿಡದೆ ಹೇಳಿದೆ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು.

“ಈಗಿನ ಕಾಲದಲ್ಲಿ ಸುಮ್ನೆ ಮನೇಲಿ ಕೂತೋನನ್ನ ಯಾರು ಏನ್ ಮಾಡ್ತಾರೆ? ಆಯ್ತು ತಾತ, ಆಯ್ತು. ಕುಡೀರಿ,” ಎನ್ನುತ್ತ ಅವನು ಫೋನೆತ್ತಿಕೊಂಡ.

ಮಾಮೊ ಲೋಟ ಎತ್ತಿ ತಳದ ಸಕ್ಕರೆಯವರೆಗೂ ಕುಡಿದರು. ಕಚೇರಿಯ ಮೆಟ್ಟಿಲು ಇಳಿಯುವಾಗ ಅವರ ಮುಖ ಮದುವೆ ಮನೆಯಿಂದ ಬಂದವರಂತೆ ಇತ್ತು. ಗಾಡಿಯ ಬಾಗಿಲು ತೆಗೆಯದೆ ನಾನು ಹೇಳಿದೆ.

“ಮಾಮೊ, ಅವನು ಹೊರಗಿನೋನು. ನಮ್ಮ ಚಹಾದ ಮರ್ಯಾದೆ ಅವನಿಗೇನ್ ಗೊತ್ತು? ಮುದುಕಪ್ಪ ಕುಡ್ಕೊಂಡು ಎದ್ದು ಹೋಗ್ಲಿ ಅಂತ ಹಂಗಂದ.”

“ಸರಕಾರದ ಕುರ್ಚೀಲಿ ಕೂತಿದಾನೆ. ಗೊತ್ತಿಲ್ದೋನನ್ನ ಅಲ್ಲಿ ಕೂರಿಸ್ತಾರಾ?”

ನಾನು ಗಾಡಿ ತೆಗೆದೆ. ನೇರ ಬೆಸ್ನಾಳ ಮನೆಗೆ ಹೋದೆವು. ಒಲೆಯ ಮುಂದೆ ಕೂತಿದ್ದ ಅವಳು ಎದ್ದು ನಿಂತಳು. ಮಾಮೊ ತಮ್ಮ ಕುತ್ತಿಗೆ ಮುಟ್ಟಿಕೊಂಡು, “ಕರೆಸು. ಸರಕಾರದ ಮಾತು ನನ್ನ ಕುತ್ತಿಗೆ ಮೇಲೆ,” ಎಂದರು. ಅವಳು ಹಿಟ್ಟಿನ ಕೈಯಲ್ಲೇ ಅವರ ಕೈ ಹಿಡಿದು ಮುತ್ತಿಟ್ಟಳು.

ದಿಲೊವಾನ್ ಕುಂಟುತ್ತ ಬಂದ. ಮಾತು ಕಡಿಮೆ, ನಿದ್ದೆ ಜಾಸ್ತಿ. ಬಿಸಿಲಿಗೆ ಗೋಡೆಗೊರಗಿ ಕೂತಿರುತ್ತಿದ್ದ, ಅವ್ವ ಕೊಟ್ಟದ್ದೆಲ್ಲ ತಿನ್ನುತ್ತಿದ್ದ. ಅವನಿಗೆ ಬೆಸ್ನಾ ಹೆಣ್ಣು ಹುಡುಕುವುದಕ್ಕೂ ಶುರು ಮಾಡಿದಳು. ಬೆರಳಿಲ್ಲದವನಿಗೆ ಚಪ್ಪಲಿ ಹೊಂದಿಸುವುದು ಕಷ್ಟ, ಹೆಣ್ಣು ಸಲೀಸು ಎಂದು ನಾವು ನಗುತ್ತಿದ್ದೆವು. ಆ ಚಳಿಗಾಲದಲ್ಲಿ ಮಾಮೊ ಪೇಟೆಯಲ್ಲಿ ನಡೆಯುವ ಠೀವಿಯೇ ಬೇರೆಯಾಗಿತ್ತು.

ಆಮೇಲೆ ಮಾತುಕತೆ ಮುರಿದುಬಿತ್ತು. ಮೇಜಿನಿಂದ ಮೊದಲು ಎದ್ದವರು ಯಾರು ಎಂಬುದಕ್ಕೆ ಇವತ್ತಿಗೂ ಎರಡು ಕಥೆಗಳಿವೆ. ಎರಡನ್ನೂ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಮತ್ತೆ ಹೆಲಿಕಾಪ್ಟರು, ಮತ್ತೆ ಹೆಣ. ಕಡಲ ಕಡೆಯ ಹುಡುಗನಿಗೆ ವರ್ಗವಾಗಿ ಇನ್ನೊಬ್ಬ ಬಂದ. ಒಂದು ದಿನ ಬೆಳಗಿನ ನಮಾಜಿನ ಹೊತ್ತಿಗೆ ದಿಲೊವಾನ್‌ನನ್ನು ಹಾಸಿಗೆಯಿಂದ ಎಬ್ಬಿಸಿ ಒಯ್ದರು. ಕೋರ್ಟು ಅವನಿಗೆ ಜೀವಾವಧಿ ಕೊಟ್ಟಿತು. ಜೈಲು ದೇಶದ ಆ ತುದಿಯಲ್ಲಿ.

ಮಾಮೊ ಮದುವೆ, ಹಬ್ಬಕ್ಕೆ ಹಾಕುವ ಕೋಟು ತೊಟ್ಟು ಮತ್ತೆ ಕಚೇರಿಗೆ ಹೊರಟರು. ಹೊಸ ಅಧಿಕಾರಿ ಕೂರಿ ಎನ್ನಲಿಲ್ಲ. ಯಾವ ಮಾತು, ಯಾರು ಕೊಟ್ಟದ್ದು, ಅಂಥದ್ದೇನೂ ಇಲ್ಲಿ ಇಲ್ಲ ಎಂದ. ಮಾಮೊ ನಿಂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಊರ ಪಂಚಾಯಿತಿಯಲ್ಲಿ ಹೇಳುವ ಹಾಗೆ ಹೇಳಿದರು.

“ನೀವು ಮಾತು ಮುರಿದಿದೀರಿ. ಇವತ್ತಿನಿಂದ ನಾನು ನಿಮ್ಮ ಶತ್ರು. ಈ ಊರು ಬಿಡಿ.”

“ಏನಂತಾರೆ?” ಎಂದು ಅಧಿಕಾರಿ ನನ್ನನ್ನು ಕೇಳಿದ.

ನನಗೂ ಹೆಂಡತಿ ಮಕ್ಕಳಿದ್ದಾರೆ. ‘ನಿಮ್ಮ ಆರೋಗ್ಯ ವಿಚಾರಿಸ್ತಿದಾರೆ’ ಎಂದೆ. ಅವನು ನಕ್ಕು, ಚೆನ್ನಾಗಿದೀನಿ ಅಂತ ಹೇಳಿ ಎಂದ. ನಾನು ಅದನ್ನೂ ಹೇಳಲಿಲ್ಲ.

ಬೆಸ್ನಾ ತಿಂಗಳಿಗೊಮ್ಮೆ ಜೈಲಿಗೆ ಹೊರಡುತ್ತಿದ್ದಳು. ಬಸ್ ನಿಲ್ದಾಣಕ್ಕೆ ಹೋಗುವ ದಾರಿ ಮಾಮೊ ಅಂಗಡಿಯ ಮುಂದೆಯೇ. ಯಾವತ್ತೂ ತಲೆ ತಗ್ಗಿಸಿ ಸಲಾಂ ಹೇಳದೆ ಮುಂದೆ ಹೋದವಳಲ್ಲ. ಅದನ್ನು ಮಾಮೊ ಸಹಿಸಲಾರದೆ ಹೋದರು. ಒಂದು ದಿನ ಬೀದಿಯಲ್ಲೇ ಅಡ್ಡ ನಿಂತರು.

“ಬೈಯೇ ನನ್ನ. ಉಗಿ. ನಾಲ್ಕು ಜನದ ಮುಂದೆ ಉಗಿ.”

“ಬೈಯೋ ಆಸೆ ನಂಗೂ ಇದೆ ಮಾಮೊ. ನಿಮ್ಮನ್ನ ಬೈದ್ರೆ ಹಿಡ್ಕೊಂಡ್ ಹೋದೋರು ತಪ್ಪಿಸ್ಕೋತಾರೆ,” ಎಂದು ಅವಳು ಗಂಟು ಹೊತ್ತುಕೊಂಡು ನಡೆದಳು.

ಅಂದಿನಿಂದ ಮಾಮೊ ಯಾರ ಮನೆಗೂ ಹೋಗುವುದನ್ನು ಬಿಟ್ಟರು. ಅದೇ ವರ್ಷ ಮೇಲಿನ ಕಣಿವೆಯಲ್ಲಿ ಎರಡು ಮನೆತನಗಳಿಗೆ ಹುಲ್ಲುಗಾವಲಿಗಾಗಿ ಜಗಳ ಹತ್ತಿತು. ಕಲ್ಲು ಮುಗಿದು ಕತ್ತಿಗೆ ಬಂದಿತ್ತು, ಇನ್ನೂ ಯಾರೂ ಸತ್ತಿರಲಿಲ್ಲ. ಎರಡೂ ಕಡೆಯ ಹಿರಿಯರು ಒಂದೇ ದಿನ ಅಂಗಡಿಗೆ ಬಂದರು. ಶೆಮ್ದೀನ್ ಮಾಮೊ ಹೊಣೆ ನಿಂತರೆ ನಾಳೆಯೇ ರಾಜಿ, ಬೇರೆಯವರು ಬೇಡ ಎಂದರು.

“ನನ್ನ ಕುತ್ತಿಗೆ ಸರಕಾರದ ಹತ್ರ ಅಡವು ಬಿದ್ದಿದೆ. ಬಿಡಿಸ್ಕೊಂಡ್ ಬನ್ನಿ, ನಿಲ್ತೀನಿ,” ಎಂದರು ಮಾಮೊ. ಹಿರಿಯರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ನಾನೂ ಬೇಡಿಕೊಂಡೆ. ತಗಡಿನ ಸದ್ದು ಜೋರು ಮಾಡಿದರು.

ಹುಲ್ಲು ಕೊಯ್ಯುವ ಹೊತ್ತಿಗೆ ಒಂದು ಮನೆಯ ಹುಡುಗನನ್ನು ಗುಂಡಿಕ್ಕಿ ಕೊಂದರು. ನೆಬೀ ಅಂತ ಹೆಸರು, ನನ್ನ ಗಾಡಿಯಲ್ಲೇ ಶಾಲೆಗೆ ಹೋಗಿ ಬರುತ್ತಿದ್ದವನು. ಸಾವಿನ ಮನೆಗೆ ರೊಟ್ಟಿ ಕೊಟ್ಟು ಮರಳುತ್ತಿದ್ದ ಬೆಸ್ನಾ ಗಾಡಿ ಇಳಿದವಳು ಸಲಾಂ ಕೂಡ ಹೇಳದೆ ಅಂಗಡಿಯ ಒಳಗೇ ನುಗ್ಗಿದಳು.

“ನನ್ನ ಮಗನ್ನ ತಗೊಂಡಿದ್ದು ಸರಕಾರ,” ಎಂದಳು. “ಇವನ್ನ ತಗೊಂಡಿದ್ದು ನೀನು. ಅವತ್ತು ಬೈಯಿ ಅಂದ್ಯಲ್ಲ, ಈಗ ಕೇಳ್ಸ್ಕೋ. ಮಾನಗೇಡಿ. ನಿನ್ನ ಕುತ್ತಿಗೆ ನಿಂಗೆ ಅಷ್ಟು ದೊಡ್ಡದಾಯ್ತೇನೋ?”

ಅವಳು ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಮಾಮೊ ಸುತ್ತಿಗೆ ಕೆಳಗಿಟ್ಟರು. ಕೈ ತೊಳೆದು, ಕೋಟು ಹಾಕಿಕೊಂಡು, “ಗಾಡಿ ತೆಗಿ ಹಮ್ಜೊ,” ಎಂದರು.

ನೆಬೀಯ ಅಪ್ಪ ಬಾಗಿಲವರೆಗೆ ಬಂದು ಎದುರುಗೊಂಡ. ಮಾಮೊ ಅವರನ್ನು ಒಳ್ಳೆಯ ಜಾಗದಲ್ಲಿ ಕೂರಿಸಿದ, ರಾಜಿಗೆ ಹೊಣೆ ನಿಲ್ಲುತ್ತೇನೆಂದು ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಅವರ ಕೈಗೆ ಮುತ್ತಿಟ್ಟು ಕೇಳಿದ.

“ಮಾಮೊ, ಸರಕಾರ ಮಾತು ಮುರಿದಾಗ ನೀವು ಅವರಿಗೇನ್ ಮಾಡಿದ್ರಿ?”

ಚುಚ್ಚುವುದಕ್ಕೆ ಕೇಳಿದ್ದಲ್ಲ. ನಾಳೆ ತನ್ನ ರಾಜಿ ಮುರಿದರೆ ಏನಾಗುತ್ತದೆಂದು ತಿಳಿಯಬೇಕಿತ್ತು ಅವನಿಗೆ, ಅಷ್ಟೆ. ಮಾಮೊ ಕುತ್ತಿಗೆಯವರೆಗೆ ಎತ್ತಿದ ಕೈಯನ್ನು ಕೆಳಗಿಳಿಸಿದರು. ಅವನು ಕಾದ. ಕೊನೆಗೆ ನಾನೇ ಅವರ ತೋಳು ಹಿಡಿದು ಎಬ್ಬಿಸಿದೆ.

ಆಮೇಲೆ ಆ ಕಣಿವೆಯಲ್ಲಿ ಇನ್ನೂ ಇಬ್ಬರು ಸತ್ತರು, ಒಂದೊಂದು ಮನೆಯಿಂದ ಒಬ್ಬೊಬ್ಬ. ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ.